ಬಚ್ಚಲ ಒಲೆಯ ಮೇಲೆ ಒಣಗಿದ ಬೆಲ್ಟು: ಟಮ್ಮಿ ಟಕ್ ನಂತರದ ಒಂದು ಪ್ರಕರಣ

ರೋಗಿ ನಲವತ್ತರ ಆಸುಪಾಸಿನ ಮಹಿಳೆ, ಸಾಗರ ತಾಲ್ಲೂಕಿನ ಒಂದು ಹಳ್ಳಿಯವರು, ಶಾಲಾ ಶಿಕ್ಷಕಿ. ಎರಡೂ ಹೆರಿಗೆ ಸಿಸೇರಿಯನ್. ಎರಡನೆಯದರ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಅಗಲವಾಗಿ ಬೇರ್ಪಟ್ಟಿದ್ದವು. ಎಷ್ಟು ವ್ಯಾಯಾಮ ಮಾಡಿದರೂ ಕೂಡಿಕೊಳ್ಳಲಿಲ್ಲ. ತೂಕ ಇಳಿಸಿದ ಮೇಲೆ ಕೆಳಹೊಟ್ಟೆಯ ಚರ್ಮ ಜೋತುಬಿದ್ದು, ಮಡಿಕೆಯಲ್ಲಿ ಬೆವರಿ ಹುಣ್ಣಾಗುತ್ತಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜೂನ್ ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು. ಅಲ್ಲಿ ಗಾಯದ ಡ್ರೆಸ್ಸಿಂಗ್ ಮತ್ತು ಮನೆಗೆ ಹೋದವರ ಫೋನ್ ವಿಚಾರಣೆ ನನ್ನ ಕೆಲಸ. ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮಾಡಿದ್ದು ಅಬ್ಡೊಮಿನೊಪ್ಲಾಸ್ಟಿ, ಜನ ಹೇಳುವ ಟಮ್ಮಿ ಟಕ್. ಜೊತೆಗೆ ಸೊಂಟದ ಎರಡೂ ಬದಿಗೆ ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು. ಈ ಆಪರೇಷನ್ನಿನಲ್ಲಿ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಕೆಳಹೊಟ್ಟೆಯಲ್ಲಿ ಸೊಂಟದ ಈ ತುದಿಯಿಂದ ಆ ತುದಿಗೆ ಕೊಯ್ದು, ಚರ್ಮ ಮತ್ತು ಕೊಬ್ಬಿನ ಪದರವನ್ನು ಸ್ನಾಯುವಿನಿಂದ ಬಿಡಿಸುತ್ತಾ ಪಕ್ಕೆಲುಬಿನ ಹತ್ತಿರದವರೆಗೂ ಹೋಗುತ್ತಾರೆ. ಬೇರ್ಪಟ್ಟ ಸ್ನಾಯುಗಳನ್ನು ನಡುವಿಗೆ ಎಳೆದು ಹೊಲಿಯುತ್ತಾರೆ. ಆಮೇಲೆ ಚರ್ಮವನ್ನು ಕೆಳಕ್ಕೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಿಗೆ ಹೊಸ ಜಾಗ ಮಾಡಿ ಮುಚ್ಚುತ್ತಾರೆ. ಹೀಗೆ ಬಿಡಿಸಿದ ಚರ್ಮಕ್ಕೆ ತಳದಿಂದ ಬರುತ್ತಿದ್ದ ರಕ್ತನಾಳಗಳು ಹೋಗಿರುತ್ತವೆ. ಇನ್ನು ಬದಿಗಳಿಂದ, ಮೇಲಿನಿಂದ ಬರುವ ರಕ್ತವೇ ಗತಿ. ಅದು ತಲುಪಲು ಅತಿ ಹೆಚ್ಚು ದೂರ ಇರುವ ಜಾಗ ಹೊಕ್ಕುಳಿನ ಕೆಳಗೆ, ಹೊಲಿಗೆಯ ನಟ್ಟನಡುವಿನ ಭಾಗ. ಸಂವೇದನೆಯ ನರಗಳೂ ಕತ್ತರಿಸಿರುವುದರಿಂದ ಅದೇ ಜಾಗ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ.

ಚರ್ಮದ ಪದರಕ್ಕೂ ಸ್ನಾಯುವಿಗೂ ನಡುವೆ ಉಳಿಯುವ ಖಾಲಿ ಜಾಗದಲ್ಲಿ ದ್ರವ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ಮೊದಲ ದಿನಗಳಲ್ಲಿ ಡ್ರೇನ್ ಕೊಳವೆ ಇರುತ್ತದೆ. ಎರಡು ಪದರಗಳೂ ಒಂದಕ್ಕೊಂದು ತಾಗಿಕೊಂಡು ಅಂಟಲಿ, ಊತ ಕಡಿಮೆಯಾಗಲಿ, ಒಳಗಿನ ಹೊಲಿಗೆಗೆ ಆಸರೆ ಇರಲಿ ಎಂದು ಹಾಕುವುದೇ ಕಂಪ್ರೆಷನ್ ಗಾರ್ಮೆಂಟ್. ನಮ್ಮಲ್ಲಿ ಎಲ್ಲರೂ ಇದಕ್ಕೆ ‘ಬೆಲ್ಟು’ ಎನ್ನುತ್ತಾರೆ. ಇವರಿಗೆ ಕೊಟ್ಟದ್ದು ಎದೆಯ ಕೆಳಗಿನಿಂದ ತೊಡೆಯ ಅರ್ಧದವರೆಗೆ ಬರುವಂಥದ್ದು. ಬದಿಯಲ್ಲಿ ಹುಕ್ಕಿನ ಮೂರು ಸಾಲು, ಅದರ ಮೇಲೆ ಜಿಪ್ಪು. ಶೌಚಕ್ಕೆ ಹೋಗುವಾಗ ಬಿಚ್ಚಬೇಕಾಗದಂತೆ ಕೆಳಗೆ ತೆರೆದ ವಿನ್ಯಾಸ. ಮೊದಲ ಮೂರು ವಾರ ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ, ಆಮೇಲೆ ಮೂರು ವಾರ ದಿನಕ್ಕೆ ಅರ್ಧ ಹೊತ್ತು ಎಂದು ಸರ್ಜನ್ ಹೇಳಿದ್ದರು. ಎಷ್ಟು ವಾರ, ಎಷ್ಟು ಗಂಟೆ ಎಂಬುದರಲ್ಲಿ ಎಲ್ಲ ಸರ್ಜನ್‌ಗಳೂ ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಲೆಕ್ಕ ಹಿಡಿಯದೆ, ಆಪರೇಷನ್ ಮಾಡಿದವರ ಲೆಕ್ಕ ಹಿಡಿಯಬೇಕು.

ಮೊದಲ ವಾರ ಚೆನ್ನಾಗಿಯೇ ಸಾಗಿತು. ಶಿವಮೊಗ್ಗದಲ್ಲೇ ಇರುವ ನಾದಿನಿಯ ಮನೆಯಲ್ಲಿ ಉಳಿದರು. ಬೆನ್ನು ಸ್ವಲ್ಪ ಬಾಗಿಸಿಕೊಂಡೇ ಮನೆಯೊಳಗೆ ಓಡಾಡುತ್ತಿದ್ದರು, ಮಲಗುವಾಗ ಮಂಡಿಯ ಕೆಳಗೆ ದಿಂಬು. ಡ್ರೇನಿನಲ್ಲಿ ದಿನಕ್ಕೆ ಬರುವ ದ್ರವ 30 ಮಿ.ಲೀ.ಗಿಂತ ಕೆಳಗಿಳಿದ ಮೇಲೆ ಕೊಳವೆ ತೆಗೆದೆವು. ಮೊದಲ ಸ್ನಾನದಲ್ಲಿ ಬೆಲ್ಟು ಬಿಚ್ಚುತ್ತಿದ್ದಂತೆ ತಲೆ ತಿರುಗಿತು. ಇದು ಬಹಳ ಜನರಿಗೆ ಆಗುತ್ತದೆ. ದಿನಗಟ್ಟಲೆ ಒತ್ತಿ ಹಿಡಿದದ್ದು ಒಮ್ಮೆಲೇ ಸಡಿಲವಾದರೆ ರಕ್ತದೊತ್ತಡ ಕುಸಿಯುತ್ತದೆ. ನಾದಿನಿಗೆ ಮೊದಲೇ ಹೇಳಿದ್ದರಿಂದ ಸ್ಟೂಲು ಹಾಕಿಟ್ಟಿದ್ದರು, ತಿಂಡಿ ತಿನ್ನಿಸಿದ್ದರು, ಅರ್ಧ ಹುಕ್ಕು ಬಿಚ್ಚಿ ಸ್ವಲ್ಪ ಹೊತ್ತು ಕೂರಿಸಿಯೇ ಉಳಿದದ್ದು ಬಿಚ್ಚಿದ್ದರು. ಬೀಳಲಿಲ್ಲ. ಬಚ್ಚಲಿನಲ್ಲಿ ಒಬ್ಬರೇ ನಿಂತು ಬಿಚ್ಚಿ ಬಿದ್ದವರನ್ನು ನೋಡಿದ್ದೇನೆ, ಅದಕ್ಕೇ ಈ ಒಂದು ಸೂಚನೆಯನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಆಮೇಲೆ ಊರಿಗೆ ಹೋದರು. ಅಲ್ಲಿ ನೋಡಿಕೊಳ್ಳುವವರು ನಾದಿನಿಯಲ್ಲ, ತವರಿನಿಂದ ಬಂದ ಅಮ್ಮ.

12ನೇ ದಿನದ ಫೋನು

ಅವರು ಫೋನ್ ಮಾಡಿದ್ದು ತುರಿಕೆಗೆ. ಸೊಂಟದ ಬದಿಯಲ್ಲಿ ವಿಪರೀತ ಕಡಿತ, ಯಾವ ಮುಲಾಮು ಹಚ್ಚಲಿ ಎಂದು ಕೇಳಿದರು. ಮಾತಿನ ನಡುವೆ ಹೇಳಿದರು: “ಬೆಲ್ಟು ಸಡ್ಲ ಆಗಿತ್ತು ಸಿಸ್ಟರ್. ಅದಕ್ಕೇ ಅಮ್ಮ ಮೇಲಿಂದ ಸೀರೆ ಕಟ್ಟಿದಾರೆ. ಈಗ ಬಿಗಿಯಾಗಿ ಕೂತಿದೆ, ಏನೂ ತೊಂದ್ರೆ ಇಲ್ಲ.”

ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಹಿಂದಿನ ದಿನ ಸಂಜೆಯಿಂದ. ನೋವಿದೆಯಾ? ಇಲ್ಲವೇ ಇಲ್ಲ. ನನಗೆ ಭಯವಾದದ್ದು ಆ ‘ಇಲ್ಲ’ಕ್ಕೇ. ಸೀರೆ ಈಗಲೇ ಬಿಚ್ಚಿ, ಬೆಲ್ಟಿನ ಹುಕ್ಕನ್ನು ಹೊರಗಿನ ಸಾಲಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಒರಗಿಕೊಂಡು ತಕ್ಷಣ ಹೊರಡಿ ಎಂದೆ. ಕಾಲು ಊದಿದೆಯಾ, ಮೀನಖಂಡದಲ್ಲಿ ನೋವಿದೆಯಾ, ಉಸಿರು ಕಟ್ಟುತ್ತದಾ ಎಂದೂ ಕೇಳಿದೆ. ಹೊಟ್ಟೆಯ ಸ್ನಾಯು ಹೊಲಿದ ಮೇಲೆ ಹೊರಗಿನಿಂದಲೂ ವಿಪರೀತ ಬಿಗಿದರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಕಾಲಿನಿಂದ ಮೇಲಕ್ಕೆ ಹೋಗುವ ರಕ್ತ ನಿಧಾನವಾಗುತ್ತದೆ. ನಿಂತ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಎದೆನೋವು, ಏದುಸಿರು ಇವುಗಳಲ್ಲಿ ಯಾವುದಿದ್ದರೂ ಫೋನಿಗೆ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇವರಿಗೆ ಎರಡೂ ಪಾದದಲ್ಲಿ ಅಲ್ಪ ಊತ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಸರ್ಜನ್ ಆಮೇಲೆ ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರು. ಮಲಗಿಸಿ, ಹುಕ್ಕು ಒಂದೊಂದಾಗಿ ಬಿಚ್ಚಿದೆವು. ಬಟ್ಟೆ ಎದ್ದ ಮೇಲೆ ಕಂಡದ್ದು ಅಡ್ಡಡ್ಡಕ್ಕೆ ಎರಡು ಗೆರೆ. ಮೇಲಿನದು ಹೊಕ್ಕುಳಿನ ಮಟ್ಟದಲ್ಲಿ, ಸೀರೆಯ ಅಂಚು ಬೆಲ್ಟಿನ ಮೂಲಕವೇ ಒತ್ತಿ ಮೂಡಿಸಿದ ತೆಳು ಕೆಂಪು ಗೆರೆ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾಗಿ ತಕ್ಷಣ ಮತ್ತೆ ಕೆಂಪಾಗುತ್ತಿತ್ತು. ಅದರ ಬಗ್ಗೆ ಚಿಂತೆಯಿರಲಿಲ್ಲ. ಕೆಳಗಿನದು ಹೊಲಿಗೆಗಿಂತ ಮೂರು ಬೆರಳು ಮೇಲೆ, ನಟ್ಟನಡುವೆ. ಬಾಗಿ ಕೂತಾಗ ಬೆಲ್ಟಿನ ಬಟ್ಟೆ ಅಲ್ಲಿ ಮಡಿಕೆಯಾಗಿತ್ತು, ಸೀರೆ ಆ ಮಡಿಕೆಯನ್ನು ಚರ್ಮದೊಳಕ್ಕೆ ಒತ್ತಿ ಹಿಡಿದಿತ್ತು. ಅಲ್ಲಿ ಚರ್ಮ ತಗ್ಗಾಗಿ ಬಿದ್ದಿತ್ತು, ಬಣ್ಣ ನೇರಳೆ. ಒತ್ತಿದರೆ ಬಿಳಿಯಾಗುತ್ತಿರಲಿಲ್ಲ. ನಡುವೆ ಸಣ್ಣ ನೀರ್ಗುಳ್ಳೆ ಏಳುತ್ತಿತ್ತು. ಅದರ ಮೇಲೆ ಹತ್ತಿ ಎಳೆದೆ, ಬೆರಳಿಟ್ಟೆ. ಅವರು ಛಾವಣಿ ನೋಡುತ್ತಾ, “ಮುಟ್ಟಿದ್ರಾ? ಗೊತ್ತೇ ಆಗ್ಲಿಲ್ಲ” ಎಂದರು.

ಮಾಮೂಲಿ ಚರ್ಮವಾಗಿದ್ದರೆ ಅರ್ಧ ಗಂಟೆಯಲ್ಲೇ ಉರಿ ತಾಳಲಾರದೆ ಸರಿಪಡಿಸಿಕೊಳ್ಳುತ್ತಿದ್ದರು. ಇಲ್ಲಿ ದೂರು ಹೇಳುವ ನರವೇ ಇಲ್ಲ. ತುರಿಕೆ ಇದ್ದದ್ದು ಸ್ಪರ್ಶಜ್ಞಾನ ಉಳಿದಿದ್ದ ಸೊಂಟದ ಬದಿಯಲ್ಲಿ. ಆ ಬದಿ ಕಡಿಯದೇ ಹೋಗಿದ್ದರೆ ಅವರು ಫೋನ್ ಮಾಡುತ್ತಲೇ ಇರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಇಲ್ಲಿ ಹೇಳಬೇಕು. ಸೂಕ್ಷ್ಮ ರಕ್ತನಾಳಗಳಿಗೆ ರಕ್ತ ಪ್ರವೇಶಿಸುವ ತುದಿಯಲ್ಲಿ ಒತ್ತಡ ಸುಮಾರು 32 ಮಿ.ಮೀ. ಪಾದರಸದಷ್ಟು ಎಂದು ಯೂಜೀನ್ ಲ್ಯಾಂಡಿಸ್ 1930ರಲ್ಲಿ ಅಳೆದು ತೋರಿಸಿದ್ದರು. ಸುಟ್ಟಗಾಯದ ಕಲೆಗೆ ಹಾಕುವ ಪ್ರೆಷರ್ ಗಾರ್ಮೆಂಟನ್ನೂ ಅದಕ್ಕಿಂತ ಕೆಳಗೆ, ಸುಮಾರು 25ರ ಆಸುಪಾಸಿನಲ್ಲಿ ಇರುವಂತೆ ಹೊಲಿಯುತ್ತಾರೆ. ಮೈಗೆಲ್ಲ ಒಂದೇ ಸಮ ಹರಡಿದ ಹದವಾದ ಒತ್ತಡವನ್ನು ಚರ್ಮ ತಾಳುತ್ತದೆ. ಒಂದು ಮಡಿಕೆಯ ಅಂಚಿನಲ್ಲಿ, ಒಂದು ಗಂಟಿನ ಕೆಳಗೆ ಅದೇ ಒತ್ತಡ ಎಷ್ಟೋ ಪಟ್ಟು ಹೆಚ್ಚುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಚರ್ಮಕ್ಕೆ ಅಷ್ಟು ಸಾಕು.

ಬೆಲ್ಟು ಯಾಕೆ ಸಡಿಲವಾಯಿತು

ಅಮ್ಮನನ್ನು ಕೂರಿಸಿಕೊಂಡು ಮಾತಾಡಿದೆ. ಎಪ್ಪತ್ತರ ಹತ್ತಿರದವರು. ತಮ್ಮಿಂದ ಮಗಳಿಗೆ ಹೀಗಾಯಿತಲ್ಲ ಎಂದು ಕುಗ್ಗಿಹೋಗಿದ್ದರು. “ಇವಳ ಎರಡು ಬಾಣಂತನಕ್ಕೂ ನಾನೇ ಹೊಟ್ಟೆ ಕಟ್ಟಿದ್ದು ಕಣಮ್ಮ. ಬಿಗಿಯಾಗಿ ಕಟ್ಟಿದಷ್ಟೂ ಒಳ್ಳೇದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು” ಎಂದರು. ಆ ಕೈಗೆ ಅನುಭವ ಇದೆ, ಅಕ್ಕರೆ ಇದೆ. ಹಳೆ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸುತ್ತುವ ಆ ಕ್ರಮ ಎಷ್ಟೋ ಬಾಣಂತಿಯರಿಗೆ ಬೆನ್ನಿಗೆ ಆಸರೆ ಕೊಟ್ಟಿದೆ. ಆದರೆ ಬಾಣಂತಿಯ ಹೊಟ್ಟೆಯ ಚರ್ಮ ತನ್ನ ಜಾಗದಲ್ಲೇ, ತನ್ನ ರಕ್ತನಾಳಗಳ ಮೇಲೆಯೇ ಇರುತ್ತದೆ. ನೋವಾದರೆ ಬಾಣಂತಿಯೇ “ಸಡಿಲ ಮಾಡಿ” ಎನ್ನುತ್ತಾಳೆ. ಈ ಹೊಟ್ಟೆಯ ಚರ್ಮವನ್ನು ಪೂರ್ತಿ ಬಿಡಿಸಿ ಮತ್ತೆ ಕೂರಿಸಿದೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಡಿಸ್ಚಾರ್ಜ್ ಹೊತ್ತಿನ ಸೂಚನೆ ಕೇಳಿಸಿಕೊಂಡದ್ದು ರೋಗಿ, ಸಹಿ ಹಾಕಿದ್ದು ಗಂಡ, ಮೊದಲ ವಾರ ಪಾಲಿಸಿದ್ದು ನಾದಿನಿ. ಹುಕ್ಕು ಹಾಕುವ ಕೈ ಬದಲಾದಾಗ ಸೂಚನೆ ಆ ಕೈಗೆ ತಲುಪಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಎನಿಸಿದ ಸಂಗತಿ ಇದು. ಅಮ್ಮನ ಅಜ್ಞಾನ ಎಂದು ಬರೆದು ಕಡತ ಮುಚ್ಚುವುದು ಅನ್ಯಾಯ.

ಸಡಿಲವಾದದ್ದಕ್ಕೆ ಎರಡು ಕಾರಣ ಸಿಕ್ಕವು. ಒಂದು ಒಳ್ಳೆಯದೇ: ಊತ ಇಳಿಯುತ್ತಿತ್ತು. ಆಪರೇಷನ್ ಆದ ಮರುದಿನದ ಅಳತೆಗೆ ಸರಿಯಾಗಿದ್ದ ಬೆಲ್ಟು ಎರಡನೆಯ ವಾರಕ್ಕೆ ದೊಡ್ಡದಾಗುವುದು ಗುಣವಾಗುತ್ತಿರುವ ಲಕ್ಷಣ. ಆಗ ಮಾಡಬೇಕಾದ್ದು ಹುಕ್ಕನ್ನು ಒಳಗಿನ ಸಾಲಿಗೆ ಹಾಕುವುದು, ಸಾಲುಗಳು ಮುಗಿದರೆ ಹೊಸ ಅಳತೆ ತೆಗೆಸಿಕೊಂಡು ಇನ್ನೊಂದು ಕೊಳ್ಳುವುದು. ಮೇಲಿಂದ ಇನ್ನೇನನ್ನೂ ಕಟ್ಟುವಂತಿಲ್ಲ. ಸೀರೆ ಉಡುವವರು ಲಂಗದ ಲಾಡಿಯನ್ನೂ ಬೆಲ್ಟಿನ ಮೇಲೆ ಬಿಗಿಯಬಾರದು. ಆ ವಾರಗಳಲ್ಲಿ ನೈಟಿಯೇ ವಾಸಿ.

ಎರಡನೆಯ ಕಾರಣ ಒಲೆ. ಜುಲೈ ತಿಂಗಳ ಸಾಗರದ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಮನೆಯೊಳಗೆ ಕಟ್ಟಿದ ಹಗ್ಗದ ಮೇಲೆ ಕರವಸ್ತ್ರ ಕೂಡ ಎರಡು ದಿನಕ್ಕೆ ಒಣಗುವುದಿಲ್ಲ. ಇವರ ಹತ್ತಿರ ಇದ್ದದ್ದು ಒಂದೇ ಬೆಲ್ಟು. ಬೆಲೆ ಕೆಲವು ಸಾವಿರ, ವಿಮೆ ಇದಕ್ಕೆ ಬರುವುದಿಲ್ಲ, ಹಾಗಾಗಿ ಎರಡನೆಯದು ಬೇಡ ಎಂದು ಮನೆಯವರು ತೀರ್ಮಾನಿಸಿದ್ದರು. ಬೆಳಿಗ್ಗೆ ಒಗೆದದ್ದು ಮಧ್ಯಾಹ್ನಕ್ಕೆ ಮೈಮೇಲೆ ಬರಬೇಕು. ಅಮ್ಮ ಅದನ್ನು ಬಿಸಿನೀರಲ್ಲಿ ಸೋಪಿನಪುಡಿ ಹಾಕಿ ನೆನೆಸಿ, ಕಲ್ಲಿಗೆ ಉಜ್ಜಿ, ಹಿಂಡಿ, ಬಚ್ಚಲ ಒಲೆಯ ಮೇಲಿನ ಗಳಕ್ಕೆ ತೂಗುಹಾಕುತ್ತಿದ್ದರು. ಮಲೆನಾಡಿನಲ್ಲಿ ಮಳೆಗಾಲದ ಬಟ್ಟೆಯೆಲ್ಲ ಒಣಗುವುದೇ ಅಲ್ಲಿ.

ಹತ್ತಿ ಬಟ್ಟೆ ಅದನ್ನು ತಾಳುತ್ತದೆ, ಬೆಲ್ಟು ತಾಳುವುದಿಲ್ಲ. ಇದರ ಹಿಡಿತವೆಲ್ಲ ಇರುವುದು ನೈಲಾನಿನ ಜೊತೆ ಹೆಣೆದ ಸ್ಪ್ಯಾಂಡೆಕ್ಸ್ ಎಳೆಯಲ್ಲಿ. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ ಎಳೆ ಅದು, ಲೈಕ್ರಾ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತ. ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಬರುವುದು ಅದರ ಗುಣ. ನೀರಿನ ಭಾರಕ್ಕೆ ಜಗ್ಗಿರುವಾಗಲೇ ಒಲೆಯ ಕಾವು ತಾಗುತ್ತಿದ್ದರೆ ಆ ಗುಣ ದಿನದಿನಕ್ಕೆ ಕುಗ್ಗುತ್ತದೆ. ಕ್ಲೋರಿನ್ ಬ್ಲೀಚ್ ಕೂಡ ಅದಕ್ಕೆ ಶತ್ರುವೇ. ನಾನು ಬೆಲ್ಟನ್ನು ಮೇಜಿನ ಮೇಲೆ ಹಾಸಿ ಎರಡೂ ಕೈಯಲ್ಲಿ ಎಳೆದು ನೋಡಿದೆ. ಒಲೆಯ ಕಡೆಗಿದ್ದ ತೊಡೆಯ ಭಾಗ ಎಳೆದಲ್ಲೇ ಅಲೆಅಲೆಯಾಗಿ ನಿಂತಿತು, ಇನ್ನೊಂದು ಬದಿ ಚುರುಕಾಗಿ ಹಿಂದಕ್ಕೆ ಬಂತು. ಒಂದು ಕಡೆ ಹಿಡಿತ, ಇನ್ನೊಂದು ಕಡೆ ಸಡಿಲ. ಮಡಿಕೆಗಳು ಬೀಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಕೆಲವು ದಿನ ಅರೆಬರೆ ಒಣಗಿದ್ದನ್ನೇ ಹಾಕಿಕೊಂಡಿದ್ದರು ಎಂದೂ ತಿಳಿಯಿತು. ಸೊಂಟದ ಬದಿಯ ಕಡಿತ ಅದರ ಫಲ, ಶಿಲೀಂಧ್ರದ ಸೋಂಕು. ಅದಕ್ಕೆ ಡಾಕ್ಟರ್ ಮುಲಾಮು ಬರೆದರು.

ಆಮೇಲೆ

ಸರ್ಜನ್ ಬಂದು ನೋಡಿ, ಕೆಲವು ಗಂಟೆ ಬೆಲ್ಟೇ ಬೇಡ ಎಂದರು. ಮಂಡಿ ಮಡಚಿ, ಹೊಟ್ಟೆಯ ಚರ್ಮ ಎಳೆಯದಂತೆ ಮಲಗಿಸಿದೆವು. ಅಮ್ಮ ಬಿಸಿನೀರಿನ ಚೀಲದಿಂದ ಶಾಖ ಕೊಡಲೇ ಎಂದು ಕೇಳಿದರು. ಬೇಡವೇ ಬೇಡ. ಮರಗಟ್ಟಿದ ಚರ್ಮಕ್ಕೆ ಶಾಖ ಕೊಟ್ಟು ಬೊಬ್ಬೆ ಬರಿಸಿಕೊಂಡವರು ಎಲ್ಲ ಕಡೆಯೂ ಇದ್ದಾರೆ. ಐಸ್ ಕೂಡ ಬೇಡ, ತಿಕ್ಕುವುದೂ ಬೇಡ. ಸಂಜೆಯ ಹೊತ್ತಿಗೆ ನೇರಳೆಯ ಅಂಚುಗಳು ಕೆಂಪಿಗೆ ತಿರುಗಿದವು, ಒತ್ತಿದರೆ ಬಿಳಿಯಾಗತೊಡಗಿದವು. ಎರಡು ಬೆರಳಿನಗಲದ ನಡುಭಾಗ ಮಾತ್ರ ಹಾಗೆಯೇ ಉಳಿಯಿತು. ಅಲ್ಲಿ ಮೇಲ್ಪದರ ಸುಲಿದು, ಹಕ್ಕಳೆಗಟ್ಟಿ, ಡ್ರೆಸ್ಸಿಂಗಿನಲ್ಲೇ ವಾಸಿಯಾಯಿತು. ಮತ್ತೆ ಆಪರೇಷನ್ ಬೇಕಾಗಲಿಲ್ಲ.

ಹೊಸದಾಗಿ ಅಳತೆ ತೆಗೆದು ಎರಡು ಬೆಲ್ಟು ತರಿಸಿದೆವು. ಜೊತೆಗೆ ಬೆಲ್ಟಿನ ಒಳಗೆ ಹೊಟ್ಟೆಯ ಮೇಲಿಡುವ ಫೋಮ್ ಹಾಳೆ. ಕೂತಾಗ ಬಟ್ಟೆ ಮುದುಡಿದರೂ ಆ ಗೆರೆ ಚರ್ಮಕ್ಕೆ ತಾಗದಂತೆ ಅದು ಒತ್ತಡವನ್ನು ಹರಡುತ್ತದೆ.

ಊರಿಗೆ ಹೋದ ಮೇಲೆ ಮತ್ತೊಂದು ತಾಪತ್ರಯ. ಹೆದರಿದ ಅಮ್ಮ ಮಗಳು ಇಬ್ಬರೂ ಸೇರಿ ಬೆಲ್ಟನ್ನೇ ಕಪಾಟಿನಲ್ಲಿಟ್ಟರು. ಈ ಹೆದರಿಕೆ ಸಹಜ, ನನಗೆ ಅವರ ಮೇಲೆ ಕೋಪ ಬರಲಿಲ್ಲ. ಮುಂದಿನ ತಪಾಸಣೆಗೆ ಬಂದಾಗ ಕೆಳಹೊಟ್ಟೆ ದಪ್ಪಗಾಗಿತ್ತು, ಒಂದು ಬದಿ ತಟ್ಟಿದರೆ ಇನ್ನೊಂದು ಬದಿಗೆ ಅಲೆ ಹೋಗುತ್ತಿತ್ತು. ಸೆರೋಮಾ, ಅಂದರೆ ಪದರಗಳ ನಡುವೆ ದ್ರವ ತುಂಬಿದ್ದು. ಇದು ಬೆಲ್ಟು ಹಾಕಿದವರಿಗೂ ಬರಬಹುದು. ಇವರಿಗೆ ಬೆಲ್ಟು ಬಿಟ್ಟದ್ದೇ ಏಕೈಕ ಕಾರಣ ಎಂದು ನಾನು ಹೇಳಲಾರೆ, ಆದರೆ ನೆರವಂತೂ ಆಗಲಿಲ್ಲ. ಡಾಕ್ಟರ್ ಸಿರಿಂಜಿನಿಂದ ಹೊಂಬಣ್ಣದ ತಿಳಿ ದ್ರವ ತೆಗೆದರು. ಮರಗಟ್ಟಿದ ಜಾಗವಾದ್ದರಿಂದ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ನಂತರದ ಸಲ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ, ಆಮೇಲೆ ತೆಗೆಯುವಷ್ಟು ಇರಲಿಲ್ಲ.

ಈ ಸಲ ಅಮ್ಮನ ಕೈಯಲ್ಲೇ ಬೆಲ್ಟು ಹಾಕಿಸಿದೆ, ನಾನು ಪಕ್ಕದಲ್ಲಿ ನಿಂತೆ. ಬೆಲ್ಟನ್ನು ಪೂರ್ತಿ ಬಿಚ್ಚಿ ಹಾಸಿಗೆಯ ಮೇಲೆ ಹರಡುವುದು. ಒಳಗೆ ಹೊಲಿಗೆಯ ಗೆರೆಯಿಲ್ಲದ ತೆಳು ಹತ್ತಿ ಬನಿಯನ್ ಹಾಕಿ, ಅದನ್ನು ಸುಕ್ಕಿಲ್ಲದಂತೆ ಕೆಳಕ್ಕೆಳೆದು, ಮಗಳನ್ನು ಮಂಡಿ ಮಡಚಿ ಮಲಗಿಸುವುದು. ಹುಕ್ಕು ಕೆಳಗಿನಿಂದ ಮೇಲಕ್ಕೆ, ಮೊದಲು ಅತಿ ಸಡಿಲ ಸಾಲಿಗೆ. ಎಲ್ಲ ಹಾಕಿದ ಮೇಲೆ ಎದ್ದು ನಿಲ್ಲಿಸಿ, ಅಂಗೈಯಿಂದ ಸುತ್ತ ಸವರಿ ಎಲ್ಲೂ ಸುರುಳಿಯಾಗಿಲ್ಲ ಎಂದು ನೋಡುವುದು. ತೊಡೆಯ ಅಂಚು ಮೇಲಕ್ಕೆ ಸುತ್ತಿಕೊಳ್ಳುವುದೇ ಹೆಚ್ಚು, ಅದು ತೊಡೆಸಂದಿಗೆ ದಾರ ಬಿಗಿದಂತೆ ಕೂತರೆ ಕಾಲು ಊದುತ್ತದೆ. ಅಂಚಿನೊಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ದೀರ್ಘ ಉಸಿರು ಎಳೆಯಲು, ಊಟ ಮಾಡಲು ಕಷ್ಟವಾದರೆ ಅದು ಬಿಗಿ ಹೆಚ್ಚಾದದ್ದೇ. ಬೆಳಿಗ್ಗೆ ಸ್ನಾನಕ್ಕೆ ಬಿಚ್ಚಿದಾಗ ಮತ್ತು ರಾತ್ರಿ ಮಲಗುವ ಮುಂಚೆ, ಒಳ್ಳೆಯ ಬೆಳಕಿನಲ್ಲಿ ಹೊಟ್ಟೆಯನ್ನು ಕಣ್ಣಿಟ್ಟು ನೋಡಬೇಕು. ರೋಗಿಗೆ ಬಾಗಿದ ಬೆನ್ನಿನಲ್ಲಿ ಹೊಕ್ಕುಳಿನ ಕೆಳಗೆ ಕಾಣುವುದಿಲ್ಲ, ಕನ್ನಡಿ ಬೇಕು ಅಥವಾ ಇನ್ನೊಬ್ಬರ ಕಣ್ಣು ಬೇಕು. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಬಿಚ್ಚಿ ಹಾಕಿ ತೋರಿಸಿದರು. ಅವರ ಕೈ ನನ್ನ ಕೈಗಿಂತ ಹಗುರ.

ಒಗೆಯುವ ಕ್ರಮವನ್ನೂ ಬದಲಿಸಿದೆವು. ಹುಕ್ಕು ಜಿಪ್ಪು ಮುಚ್ಚಿ, ಬಕೆಟ್ಟಿನ ತಣ್ಣೀರಲ್ಲಿ ಮೃದುವಾದ ಸೋಪಿನ ದ್ರವ ಸ್ವಲ್ಪವೇ ಹಾಕಿ ಅದ್ದಿ ಅದ್ದಿ ತೆಗೆಯುವುದು, ಸೋಪು ಉಳಿಯದಂತೆ ಜಾಲಿಸುವುದು. ಬ್ಲೀಚ್ ಇಲ್ಲ, ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ತರಹದ್ದೂ ಇಲ್ಲ, ಕಲ್ಲಿಗೆ ಉಜ್ಜುವಂತಿಲ್ಲ. ಹಿಂಡುವ ಬದಲು ಒಣ ಟವೆಲಿನಲ್ಲಿ ಚಾಪೆಯಂತೆ ಸುತ್ತಿ ಮೇಲಿಂದ ಒತ್ತಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹರಡಿ ಫ್ಯಾನಿನ ಕೆಳಗೆ. ಕರೆಂಟು ಹೋದರೆ ಹೋಯಿತು, ಇನ್ನೊಂದು ಬೆಲ್ಟು ಇದೆ. ಮಳೆಗಾಲದಲ್ಲಿ ಮಲೆನಾಡಿನವರು ಈ ಆಪರೇಷನ್ ಮಾಡಿಸಿಕೊಳ್ಳುವುದಾದರೆ ಎರಡನೆಯ ಬೆಲ್ಟನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೆಚ್ಚಿನ ಡ್ರೆಸ್ಸಿಂಗಿಗೆ, ಓಡಾಟಕ್ಕೆ, ರಜೆಗೆ ಇವರು ತೆತ್ತದ್ದು ಆ ಬೆಲ್ಟಿನ ಬೆಲೆಗಿಂತ ಜಾಸ್ತಿ.

ನಮ್ಮ ವಾರ್ಡಿನಲ್ಲಿ ಈಗ ಡಿಸ್ಚಾರ್ಜ್ ದಿನ ಎರಡು ಪ್ರಶ್ನೆ ಹೆಚ್ಚಾಗಿವೆ: ಮನೆಯಲ್ಲಿ ಹುಕ್ಕು ಹಾಕುವವರು ಯಾರು, ಒಗೆದದ್ದನ್ನು ಎಲ್ಲಿ ಒಣಗಿಸುತ್ತೀರಿ. ಮೊದಲ ಪ್ರಶ್ನೆಗೆ ಉತ್ತರವಾದವರು ನಮ್ಮೆದುರು ಒಮ್ಮೆ ಹಾಕಿ ತೋರಿಸದೆ ರೋಗಿಯನ್ನು ಕಳಿಸುವುದಿಲ್ಲ. ನಡುವೆ ಆರೈಕೆಯ ಜನ ಬದಲಾಗುವುದಾದರೆ ಹೊಸಬರಿಗೆ ವಿಡಿಯೊ ಕಾಲ್ ಮಾಡಿ ತೋರಿಸುತ್ತೇವೆ.

ಆರು ವಾರಕ್ಕೆ ಇವರ ಬೆಲ್ಟು ನಿಂತಿತು. ನಡುವಿನ ಗಾಯ ಮಾಸಿ, ಹೊಟ್ಟೆಗೆ ಅಡ್ಡಲಾಗಿ ಒಂದು ಕಂದು ಗೆರೆ ಉಳಿದಿದೆ. ನೋಡನೋಡುತ್ತ ತಿಳಿಯಾಗುತ್ತಿದೆ, ಪೂರ್ತಿ ಹೋಗುವ ಭರವಸೆಯನ್ನು ಸರ್ಜನ್ ಕೊಟ್ಟಿಲ್ಲ. ಶಾಲೆಗೆ ಹೋಗುತ್ತಿದ್ದಾರೆ. ಇತ್ತೀಚಿನ ತಪಾಸಣೆಯಲ್ಲಿ ಕಣ್ಣು ಮುಚ್ಚಿಸಿ ಹತ್ತಿ ಎಳೆದು ನೋಡಿದೆ. ಸೊಂಟದ ಎರಡೂ ಬದಿ, ಪಕ್ಕೆಲುಬಿನ ಕೆಳಗೆ ಸರಿಯಾಗಿ ಹೇಳಿದರು, ಹೊಕ್ಕುಳಿನ ಕೆಳಗೆ ಅಂಗೈಯಗಲದ ಜಾಗದಲ್ಲಿ ಇನ್ನೂ ಏನೂ ತಿಳಿಯುವುದಿಲ್ಲ. ಅಲ್ಲಿ ಸ್ಪರ್ಶ ಮರಳಲು ವರ್ಷ ಹಿಡಿಯಬಹುದು, ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲ. ಹಾಗಾಗಿ ಬೆಲ್ಟು ಬಿಟ್ಟರೂ, ಮುಟ್ಟಿನ ನೋವಿಗೆಂದು ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಡಬಾರದೆಂಬ ಸೂಚನೆ ಅವರ ಕಾರ್ಡಿನಲ್ಲಿ ಹಾಗೆಯೇ ಇದೆ.